ಒಗ್ಗರಣೆ ಬೇಡದ ಅಡುಗೆ: ಅರ್ಮೇನಿಯಾ ತಿನಿಸುಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಅರ್ಮೇನಿಯಾದ ಗಾತಾ ಅನ್ನುವ ಹೂರಣ ತುಂಬಿದ ಸಿಹಿ ರೊಟ್ಟಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂತ ಎಣಿಸಿರಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಹೊಸ ಓದುಗರಿಗೆ ಒಂದು ಮಾತು. ಮಗಳು ಅರ್ಮೇನಿಯಾದ ರಾಜಧಾನಿ ಯೆರೆವಾನ್‌ನಲ್ಲಿ ಮೆಡಿಕಲ್ ಓದುವಾಗ ನಾನು ಹೋಗಿ ಅವಳ ಜೊತೆ ಇರುತ್ತಿದ್ದೆ. ಮನೆ ಮಾಲೀಕರ ಅಮ್ಮ ನನ್ನನ್ನು ತಮ್ಮ ಅಡುಗೆಮನೆಗೆ ಕರೆದುಕೊಂಡರು. ಅವರ ಮಾತು ನನಗೆ ಬರದು, ನನ್ನದು ಅವರಿಗೆ ಬರದು. ಅವರ ಕೈ ನೋಡಿಯೇ ಕಲಿತೆ. ಆಮೇಲೆ ಬಸವನಗುಡಿಯ ನಮ್ಮ ಮನೆಯಲ್ಲಿ, ಗಾಂಧಿ ಬಜಾರಿನ ಸಾಮಾನಿನಿಂದಲೇ ಮಾಡುತ್ತಾ ಬಂದಿದ್ದೇನೆ. ಅದನ್ನೇ ಇಲ್ಲಿ ಹೇಳುತ್ತೇನೆ.

ಪ್ರಶ್ನೆ: ನಾವು ಪಕ್ಕಾ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಅರ್ಮೇನಿಯಾ ಅಂದ್ರೆ ಬರೀ ಮಾಂಸ ಅಂತಾರೆ. ನಮಗೆ ಅಲ್ಲಿ ಏನಾದರೂ ಇದೆಯಾ? — ರಾಜಾಜಿನಗರದಿಂದ

ಉತ್ತರ: ಧಾರಾಳವಾಗಿ ಇದೆ. ಕೆಂಡದ ಮೇಲೆ ಸುಟ್ಟ ಮಾಂಸ, ಅಂದರೆ ಖೊರೊವತ್ಸ್, ಅವರಿಗೆ ಬಲು ಇಷ್ಟ ಅನ್ನುವುದು ನಿಜ. ಆದರೆ ಅಲ್ಲಿಯ ಚರ್ಚಿನ ಉಪವಾಸಗಳನ್ನು ಮರೆಯಬೇಡಿ. ಅರ್ಮೇನಿಯಾ ಕ್ರೈಸ್ತ ಧರ್ಮವನ್ನು ರಾಜ್ಯದ ಧರ್ಮ ಮಾಡಿಕೊಂಡದ್ದು 301ರಲ್ಲಿ ಅಂತ ಪರಂಪರೆ ಹೇಳುತ್ತದೆ. ಅಷ್ಟು ಹಳೆಯ ಚರ್ಚು. ಬುಧವಾರ, ಶುಕ್ರವಾರ ಉಪವಾಸ. ಈಸ್ಟರ್‌ಗೆ ಮುಂಚೆ 40 ದಿನದ ದೊಡ್ಡ ಉಪವಾಸ. ಕಟ್ಟುನಿಟ್ಟಾಗಿ ಆಚರಿಸುವವರು ಆಗ ಮಾಂಸ, ಹಾಲು, ಬೆಣ್ಣೆ, ಮೊಟ್ಟೆ ಯಾವುದನ್ನೂ ಮುಟ್ಟುವುದಿಲ್ಲ. ಈ ಉಪವಾಸಕ್ಕೆ ಅವರು 'ಪಾಸ್' ಅನ್ನುತ್ತಾರೆ. ಕಾಳು, ಗೋಧಿ, ಎಣ್ಣೆ, ಒಣಹಣ್ಣು ಇಷ್ಟರಲ್ಲೇ ಮನೆಮಂದಿಗೆ ರುಚಿಯಾಗಿ ಉಣಿಸಬೇಕಿದ್ದ ಹೆಂಗಸರು ಕಟ್ಟಿದ ಅಡುಗೆ ಅದು. ನಿಮಗೆ ಬೇಕಿರುವುದು ಆ ಕಡೆ ಇದೆ.

ಮೊದಲಿಗೆ ಪಾಸುತ್ಸ್ ತೊಲ್ಮಾ ಮಾಡಿ. ಎಲೆಕೋಸಿನ ಎಲೆಯಲ್ಲಿ ಕಾಳು ಸುತ್ತಿ ಬೇಯಿಸುವ ತಿನಿಸು. ಹೊಸ ವರ್ಷಕ್ಕೆ, ಕ್ರಿಸ್‌ಮಸ್ ಹಿಂದಿನ ರಾತ್ರಿಗೆ ಇದು ಬೇಕೇ ಬೇಕು. ಏಳು ಬಗೆಯ ಕಾಳು-ಧಾನ್ಯ ಹಾಕುವ ಪದ್ಧತಿಯೂ ಇದೆ. ನಾನು ನಾಲ್ಕು ಹಾಕುತ್ತೇನೆ: ಕಾಬೂಲಿ ಕಡಲೆ, ರಾಜ್ಮಾ, ಸಿಪ್ಪೆ ಇರುವ ಇಡೀ ಮಸೂರ್, ಬಲ್ಗರ್ (ಬೇಯಿಸಿ, ಒಣಗಿಸಿ, ಒಡೆದ ಗೋಧಿ), ತಲಾ ಅರ್ಧ ಕಪ್. ಕಡಲೆ, ರಾಜ್ಮಾ ರಾತ್ರಿ ನೆನೆಸಿ ಬೇಯಿಸಿ. ಬೇಯಬೇಕು, ಆದರೆ ಕಾಳು ಕಾಳಾಗಿಯೇ ಇರಬೇಕು. ಮಸೂರ್ ಅರ್ಧ ಬೆಂದರೆ ಸಾಕು. ಮೂರು ಈರುಳ್ಳಿ ಸಣ್ಣಗೆ ಹೆಚ್ಚಿ, ಎಣ್ಣೆ ಸ್ವಲ್ಪ ಧಾರಾಳವಾಗಿ ಹಾಕಿ, ಚೆನ್ನಾಗಿ ಕೆಂಪಗೆ ಹುರಿಯಿರಿ. ಎರಡು ಚಮಚ ಟೊಮೇಟೊ ಪೇಸ್ಟ್, ಒಣಗಿದ ಪುದೀನ, ಕಾಳುಮೆಣಸಿನ ಪುಡಿ, ಉಪ್ಪು, ಹೆಚ್ಚಿದ ಕೊತ್ತಂಬರಿ ಮತ್ತು ಸಬ್ಬಸಿಗೆ ಸೇರಿಸಿ. ಕಾಳು ಹಾಕಿ ಕಲಸಿ.

ನಮ್ಮೂರಿನ ಕೋಸು ಬಿಗಿ ಜಾಸ್ತಿ. ಹಸಿಯಾಗಿ ಬಿಡಿಸಲು ಹೋದರೆ ಎಲೆ ಹರಿಯುತ್ತದೆ. ಬುಡದ ಗಟ್ಟಿ ಭಾಗವನ್ನು ಚಾಕುವಿನಿಂದ ಕೊರೆದು ತೆಗೆದು, ಇಡೀ ಕೋಸನ್ನೇ ಉಪ್ಪು ಹಾಕಿದ ಕುದಿಯುವ ನೀರಿಗೆ ಬಿಡಿ. ಹೊರಗಿನ ಎಲೆ ಮೆತ್ತಗಾದಂತೆ ಒಂದೊಂದೇ ಕಳಚಿಕೊಳ್ಳಿ. ಎಲೆಯ ನಡುವಿನ ದಪ್ಪ ನರವನ್ನು ಹೆರೆದು ತೆಳ್ಳಗೆ ಮಾಡಿ, ಆಗ ಮಡಿಸಲು ಸುಲಭ. ಪಾತ್ರೆಯ ತಳಕ್ಕೆ ಹರಿದ ಎಲೆಗಳನ್ನು ಹಾಸಿ. ಸುರುಳಿಗಳನ್ನು ಒತ್ತೊತ್ತಾಗಿ ಜೋಡಿಸಿ. ನಡುನಡುವೆ ಒಣ ಏಪ್ರಿಕಾಟ್ ಇಲ್ಲವೇ ಒಣ ಪ್ಲಮ್ ಸಿಕ್ಕಿಸಿ. ಮುಳುಗುವಷ್ಟು ಬಿಸಿನೀರು, ಮೇಲೆ ಒಂದು ತಟ್ಟೆ ಬೋರಲು. ತಟ್ಟೆಯ ಭಾರ ಇಲ್ಲದಿದ್ದರೆ ಸುರುಳಿ ಬಿಚ್ಚಿಕೊಳ್ಳುತ್ತದೆ. ಸಣ್ಣ ಉರಿಯಲ್ಲಿ 45 ನಿಮಿಷ. ಆರಿದ ಮೇಲೆ ತಿನ್ನಬೇಕು. ಮರುದಿನ ಇನ್ನೂ ರುಚಿ, ಬಿಸಿ ಮಾಡಬೇಡಿ.

ಒಂದು ಎಚ್ಚರಿಕೆ. ದ್ರಾಕ್ಷಿ ಎಲೆಯ ತೊಲ್ಮಾ ಕೂಡ ಹೆಸರುವಾಸಿ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ತೋಟ ಇದೆಯಲ್ಲ ಅಂತ ಇಬ್ಬರು ಕೇಳಿದ್ದಾರೆ. ಹಣ್ಣಿಗೆ ಬೆಳೆಸಿದ ಬಳ್ಳಿಗೆ ಔಷಧಿ ಹೊಡೆದಿರುತ್ತಾರೆ. ಆ ಎಲೆ ತರಬೇಡಿ. ಮನೆಯ ಚಪ್ಪರದ, ಔಷಧಿ ಕಾಣದ ಬಳ್ಳಿ ಇದ್ದರೆ ಮಾತ್ರ ಎಳೆಯ ಎಲೆ ಕೀಳಿ.

ಪ್ರಶ್ನೆ: ನಾನೂ ತೊಲ್ಮಾ ಮಾಡಿದೆ. ಮನೆಯಲ್ಲಿ ಎಲ್ಲರೂ ಸಪ್ಪೆ ಅಂದರು. ಸ್ವಲ್ಪ ಗರಂ ಮಸಾಲೆ, ಮೇಲೊಂದು ಒಗ್ಗರಣೆ ಹಾಕಬಹುದಾ? — ವಿಜಯನಗರದಿಂದ

ಉತ್ತರ: ದಯವಿಟ್ಟು ಬೇಡ. ಈ ಅಂಕಣದಲ್ಲಿ ನಾನು ಹೇಳಬೇಕೆಂದಿರುವುದೇ ಇದನ್ನು. ನಮ್ಮ ನಾಲಿಗೆ ಸಾಸಿವೆ, ಇಂಗು, ಕರಿಬೇವು, ಮೆಣಸಿನಕಾಯಿಯನ್ನು ಹುಡುಕುತ್ತದೆ. ಅವು ಸಿಗದಿದ್ದರೆ ಸಪ್ಪೆ ಅಂತ ತೀರ್ಮಾನ ಮಾಡಿಬಿಡುತ್ತದೆ. ಅರ್ಮೇನಿಯಾದ ಅಡುಗೆಯಲ್ಲಿ ರುಚಿ ಬರುವುದು ಬೇರೆ ನಾಲ್ಕು ಕಡೆಯಿಂದ. ಈರುಳ್ಳಿಯನ್ನು ಎಷ್ಟು ಹುರಿದಿರಿ, ಹುಳಿ ಎಲ್ಲಿಂದ ಬಂತು, ಹಸಿ ಸೊಪ್ಪು ಎಷ್ಟಿದೆ, ಬೆಣ್ಣೆ ಅಥವಾ ಎಣ್ಣೆ ಒಳ್ಳೆಯದಾ. ಗರಂ ಮಸಾಲೆ ಒಂದು ಚಿಟಿಕೆ ಬಿದ್ದರೂ ಈ ನಾಲ್ಕೂ ಮುಚ್ಚಿಹೋಗುತ್ತವೆ. ಆಮೇಲೆ ಉಳಿಯುವುದು ಕೋಸಿನಲ್ಲಿ ಸುತ್ತಿದ ಚನ್ನಾ ಮಸಾಲ.

ನಿಮ್ಮ ತೊಲ್ಮಾ ಸಪ್ಪೆ ಅನ್ನಿಸಿದ್ದರೆ ಮೊದಲು ಉಪ್ಪು ನೋಡಿ. ಕಾಳು ಉಪ್ಪನ್ನು ಜಾಸ್ತಿ ಕೇಳುತ್ತದೆ, ಆರಿದ ತಿನಿಸು ಇನ್ನೂ ಜಾಸ್ತಿ ಕೇಳುತ್ತದೆ. ಈರುಳ್ಳಿ ಬರೀ ಬಾಡಿತ್ತಾ, ಕೆಂಪಾಗಿತ್ತಾ? ಒಣ ಪ್ಲಮ್ ಹಾಕಿದ್ದಿರಾ? ಇಲ್ಲದಿದ್ದರೆ ತಿನ್ನುವಾಗ ನಿಂಬೆರಸ ಹಿಂಡಿ. ಖಾರ ಬೇಕೇ ಬೇಕು ಅನ್ನುವವರಿಗೆ ಚಿಟಿಕೆ ಕೆಂಪು ಮೆಣಸಿನ ಪುಡಿ ಪರವಾಗಿಲ್ಲ, ಅಲ್ಲಿಯವರೂ ಹಾಕುತ್ತಾರೆ. ಇನ್ನೊಂದು ಸಲ ಹೀಗೆ ಮಾಡಿ ಬಡಿಸಿ ನೋಡಿ.

ಪ್ರಶ್ನೆ: ಸ್ಪಾಸ್ ಅನ್ನುವ ಮೊಸರಿನ ಸೂಪ್ ಮಾಡಲು ಹೋದರೆ ಪ್ರತಿ ಸಲ ಒಡೆಯುತ್ತದೆ. ಯಾಕೆ? — ಮಲ್ಲೇಶ್ವರದಿಂದ

ಉತ್ತರ: ನೀವು ಮೊಸರನ್ನು ಕಾಯಿಸಿದ ಮೇಲೆ ಹಿಟ್ಟು ಸೇರಿಸುತ್ತಿದ್ದೀರಿ ಅಂತ ಪತ್ರದಿಂದ ಗೊತ್ತಾಯಿತು. ಒಲೆ ಹಚ್ಚುವ ಮೊದಲೇ ಹಿಟ್ಟು ಮೊಸರಿನಲ್ಲಿ ಇರಬೇಕು. ಮಜ್ಜಿಗೆ ಹುಳಿಗೆ ನೆನೆಸಿದ ಕಡಲೆಬೇಳೆ ರುಬ್ಬಿ ಸೇರಿಸುತ್ತೀವಲ್ಲ, ಅದು ಮಾಡುವ ಕೆಲಸವನ್ನೇ ಇಲ್ಲಿ ಹಿಟ್ಟು, ಮೊಟ್ಟೆ ಮಾಡುತ್ತವೆ. ಹಿಟ್ಟಿನ ಗಂಜಿ ಮೊಸರಿನ ಕಣಗಳನ್ನು ಒಂದಕ್ಕೊಂದು ಅಂಟಿಕೊಂಡು ಗಂಟಾಗಲು ಬಿಡುವುದಿಲ್ಲ.

ಮೂರು ಕಪ್ ಮೊಸರು, ಒಂದು ಮೊಟ್ಟೆ, ಒಂದು ದೊಡ್ಡ ಚಮಚ ಮೈದಾ. ಮೊಟ್ಟೆ ಬೇಡ ಅಂದರೆ ಎರಡು ಚಮಚ ಮೈದಾ. ಗಂಟಿಲ್ಲದ ಹಾಗೆ ಕಡೆದು, ಎರಡು ಕಪ್ ತಣ್ಣೀರು ಸೇರಿಸಿ ಒಲೆಗಿಡಿ. ಮಧ್ಯಮ ಉರಿ ಸಾಕು. ಮೊದಲ ಕುದಿ ಬರುವ ತನಕ ಸೌಟು ನಿಲ್ಲಬಾರದು, ಫೋನು ಬಂದರೂ ಎತ್ತಬೇಡಿ. ಕುದಿ ಬಂತು ಅಂದರೆ ಗಂಡಾಂತರ ಕಳೆಯಿತು. ಆಗ ಮೊದಲೇ ಬೇಯಿಸಿಟ್ಟ ಹುಗ್ಗಿ ಗೋಧಿ (ಸಿಪ್ಪೆ ತೆಗೆದು ಕುಟ್ಟಿದ ಇಡೀ ಗೋಧಿ) ಒಂದು ಕಪ್ ಹಾಕಿ ಐದು ನಿಮಿಷ ಕುದಿಸಿ. ಉಪ್ಪು ಕೊನೆಯಲ್ಲಿ. ಇನ್ನೊಂದು ಕಡೆ ಬೆಣ್ಣೆಯಲ್ಲಿ ಈರುಳ್ಳಿಯನ್ನು ಹೊಂಬಣ್ಣ ಬರುವ ತನಕ ಹುರಿದು ಮೇಲೆ ಸುರಿಯಿರಿ, ಕೈತುಂಬ ಕೊತ್ತಂಬರಿ ಹಾಕಿ. ಚಳಿಗೆ ಬಿಸಿಬಿಸಿಯಾಗಿ ಕುಡಿಯಬೇಕು. ಏಪ್ರಿಲ್ ಬಿಸಿಲಿಗೆ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಕುಡಿಯಿರಿ, ಅಲ್ಲಿಯೂ ಬೇಸಿಗೆಯಲ್ಲಿ ಹಾಗೇ. ಮೊಸರು ಹದವಾಗಿ ಹುಳಿ ಇರಲಿ, ಎರಡು ದಿನದ ಹಳೆಯ ಮೊಸರು ಬೇಡ.

ಪ್ರಶ್ನೆ: ಬಲ್ಗರ್ ಬದಲು ಗೋಧಿ ರವೆ ಹಾಕಬಹುದಾ? — ಬನಶಂಕರಿಯಿಂದ

ಉತ್ತರ: ಎರಡೂ ಒಂದೇ ಅಲ್ಲ. ಬಲ್ಗರ್ ಅಂದರೆ ಗೋಧಿಯನ್ನು ಮೊದಲೇ ಬೇಯಿಸಿ, ಒಣಗಿಸಿ, ಒಡೆದದ್ದು. ಬಿಸಿನೀರಲ್ಲಿ ನೆನೆಸಿದರೂ ಮೆತ್ತಗಾಗುತ್ತದೆ. ನಮ್ಮ ಗೋಧಿ ರವೆ ಹಸಿ. ತೊಲ್ಮಾಗಾದರೆ ರವೆಯನ್ನು ಹುರಿದು ಮುಕ್ಕಾಲು ಬೇಯಿಸಿ ಹಾಕಿ, ನಡೆಯುತ್ತದೆ. ಟೊಮೇಟೊ ಪೇಸ್ಟಿನಲ್ಲಿ ನೆನೆಸಿ ಮಾಡುವ ಈಚ್ ಅನ್ನುವ ಸಲಾಡಿಗೆ ಮಾತ್ರ ಬಲ್ಗರೇ ಬೇಕು. ಮನೆಯಲ್ಲೇ ಮಾಡಿಕೊಳ್ಳಬಹುದು: ಇಡೀ ಗೋಧಿಯನ್ನು ಸಿಡಿಯದ ಹಾಗೆ ಬೇಯಿಸಿ, ಒಳ್ಳೆಯ ಬಿಸಿಲಿನಲ್ಲಿ ಕಲ್ಲಿನಂತಾಗುವ ತನಕ ಒಣಗಿಸಿ, ಮಿಕ್ಸಿಯಲ್ಲಿ ತರಿತರಿಯಾಗಿ ಒಡೆದು ಜರಡಿ ಹಿಡಿಯಿರಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಪ್ರಶ್ನೆ: ಸೊಪ್ಪು ತುಂಬಿದ ಒಂದು ರೊಟ್ಟಿ ಇದೆಯಂತೆ. ಹೆಸರು ಬಾಯಲ್ಲಿ ತಿರುಗುತ್ತಿಲ್ಲ. ಅದನ್ನು ವಿವರವಾಗಿ ಹೇಳಿ. — ಹೆಬ್ಬಾಳದಿಂದ

ಉತ್ತರ: ಝಿಂಗ್ಯಲೋವ್ ಹಾತ್ಸ್. ಈ ಪತ್ರ ನೋಡಿ ನನಗೆ ತುಂಬಾ ಖುಷಿಯಾಯಿತು. ಅರ್ಮೇನಿಯಾದ ಅಡುಗೆಯಲ್ಲಿ ಒಂದನ್ನೇ ಆರಿಸಿಕೊಳ್ಳಿ ಅಂದರೆ ನಾನು ಇದನ್ನೇ ಆರಿಸುತ್ತೇನೆ. ಇದು ಆರ್ತ್ಸಾಖ್, ಅಂದರೆ ನಾಗೋರ್ನೊ ಕರಾಬಾಖ್ ಕಡೆಯದು. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿಂದ 1 ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಮನೆಮಠ ಬಿಟ್ಟು ಅರ್ಮೇನಿಯಾಕ್ಕೆ ಬರಬೇಕಾಯಿತು. ಊರು ಬಿಟ್ಟು ಬಂದವರಿಗೆ ಈ ರೊಟ್ಟಿ ಎಷ್ಟು ದೊಡ್ಡದು ಅಂತ ಬೇರೆ ಹೇಳಬೇಕಾಗಿಲ್ಲ.

ಅಲ್ಲಿ ವಸಂತ ಕಾಲದಲ್ಲಿ ಬೆಟ್ಟದ ಸೊಪ್ಪುಗಳನ್ನು ಕಿತ್ತು ತಂದು ಹತ್ತು, ಇಪ್ಪತ್ತು ಬಗೆ ಸೇರಿಸುತ್ತಾರೆ. ಆ ಸೊಪ್ಪು ನಮಗೆ ಸಿಗದು. ಆದರೆ ಸೊಪ್ಪಿನ ವಿಷಯದಲ್ಲಿ ಬೆಂಗಳೂರಿಗೆ ಏನು ಕಮ್ಮಿ? ಅವರ ಲೆಕ್ಕ ಹೀಗಿದೆ: ಸಪ್ಪೆ ಸೊಪ್ಪು ಅರ್ಧಕ್ಕಿಂತ ಜಾಸ್ತಿ, ಘಮದ ಸೊಪ್ಪು ಕಾಲು ಭಾಗ, ಹುಳಿ ಸೊಪ್ಪು ಒಂದು ಹಿಡಿ, ಕಹಿ ಸೊಪ್ಪು ಬಹಳ ಕಮ್ಮಿ. ನಾನು ಪಾಲಕ್ ಮತ್ತು ಎಳೆ ಹರಿವೆಯನ್ನು ಮೊದಲ ಲೆಕ್ಕಕ್ಕೆ, ಸಬ್ಬಸಿಗೆ, ಕೊತ್ತಂಬರಿ, ಈರುಳ್ಳಿ ಸೊಪ್ಪನ್ನು ಎರಡನೆಯದಕ್ಕೆ, ಪುಂಡಿ ಸೊಪ್ಪನ್ನು ಹುಳಿಗೆ, ನಾಲ್ಕು ಎಸಳು ಮೆಂತ್ಯವನ್ನು ಕಹಿಗೆ ಹಾಕುತ್ತೇನೆ. ಬಿಡಿಸಿದ ಸೊಪ್ಪು ಒಟ್ಟು ಅರ್ಧ ಕಿಲೋ ಇದ್ದರೆ ಆರು ರೊಟ್ಟಿ ಆಗುತ್ತದೆ.

ಸೊಪ್ಪು ತೊಳೆದ ಮೇಲೆ ಹತ್ತಿ ಬಟ್ಟೆಯ ಮೇಲೆ ಹರಡಿ ಫ್ಯಾನ್ ಹಾಕಿ. ಒಂದು ಹನಿ ನೀರೂ ಉಳಿಯಬಾರದು. ಮೂರು ಕಪ್ ಹಿಟ್ಟಿಗೆ (ಎರಡು ಮೈದಾ, ಒಂದು ಗೋಧಿ) ಉಪ್ಪು, ಸುಮಾರು ಒಂದು ಕಪ್ ಉಗುರುಬೆಚ್ಚಗಿನ ನೀರು. ಮೆತ್ತಗೆ ಕಲಸಿ ಅರ್ಧ ಗಂಟೆ ಮುಚ್ಚಿಡಿ. ಸೊಪ್ಪನ್ನು ಸಣ್ಣಗೆ ಹೆಚ್ಚಿ ಎಣ್ಣೆ, ಸ್ವಲ್ಪ ಮೆಣಸಿನ ಪುಡಿ ಕಲಸಿ. ಉಪ್ಪು ಈಗ ಬೇಡ. ಉಪ್ಪು ಬಿದ್ದ ಸೊಪ್ಪು ಹತ್ತು ನಿಮಿಷದಲ್ಲಿ ನೀರು ಬಿಡುತ್ತದೆ, ರೊಟ್ಟಿ ಒಡೆದು ಕಾವಲಿಗೆ ಹತ್ತುತ್ತದೆ. ಒಂದು ರೊಟ್ಟಿಗೆ ಬೇಕಾದಷ್ಟು ಸೊಪ್ಪನ್ನು ತೆಗೆದುಕೊಂಡು, ತುಂಬುವ ಗಳಿಗೆಯಲ್ಲಿ ಉಪ್ಪು ಹಾಕಿ.

ಉಂಡೆಯನ್ನು ತೆಳ್ಳಗೆ, ಊಟದ ತಟ್ಟೆಯಗಲ ಲಟ್ಟಿಸಿ. ನಡುವೆ ಸೊಪ್ಪನ್ನು ರಾಶಿ ಹಾಕಿ. ಇಷ್ಟೊಂದಾ ಅನ್ನಿಸುವಷ್ಟು ಹಾಕಬೇಕು. ಎದುರುಬದುರಿನ ಎರಡು ಅಂಚುಗಳನ್ನು ಮೇಲೆ ತಂದು, ಒಂದು ತುದಿಯಿಂದ ಇನ್ನೊಂದು ತುದಿಗೆ ಚಿವುಟುತ್ತಾ ಮುಚ್ಚಿ. ಎರಡು ತುದಿ ಚೂಪು, ನಡು ಉಬ್ಬು. ಮನೆ ಮಾಲೀಕರ ಅಮ್ಮ, ಆ ಅಜ್ಜಿ, ಚಿವುಟುವಾಗ ಎಡಗೈಯ ಹೆಬ್ಬೆರಳಿನಿಂದ ಸೊಪ್ಪನ್ನು ಒಳಗೆ ಒತ್ತುತ್ತಾ, ಬಲಗೈಯಿಂದ ಮುಚ್ಚುತ್ತಾ ಹೋಗುತ್ತಿದ್ದರು. ಅಂಚಿಗೆ ಒಂದು ಎಸಳು ಸಿಕ್ಕಿದರೂ ಅಲ್ಲಿ ಬಾಯಿ ಬಿಡುತ್ತದೆ ಅಂತ ಬೆರಳಿಟ್ಟು ತೋರಿಸಿದರು. ಚಿವುಟಿದ ಭಾಗ ಕೆಳಗೆ ಬರುವಂತೆ ಮಗುಚಿ, ಅಂಗೈಯಿಂದ ತಟ್ಟಿ ಚಪ್ಪಟೆ ಮಾಡಿ. ಹಿಟ್ಟಿನ ಪದರದೊಳಗಿಂದ ಹಸಿರು ಕಾಣಬೇಕು. ಒಣ ಕಾವಲಿ, ಮಧ್ಯಮ ಉರಿ, ಒಂದೊಂದು ಬದಿ ನಾಲ್ಕೈದು ನಿಮಿಷ. ಎಣ್ಣೆ ಬಿಡಬೇಡಿ. ಸೊಪ್ಪು ಒಳಗೆ ತನ್ನ ಹಬೆಯಲ್ಲೇ ಬೇಯುತ್ತದೆ. ಜೊತೆಗೆ ಚಟ್ನಿ, ಉಪ್ಪಿನಕಾಯಿ ಇಡದೆ ಮೊದಲ ರೊಟ್ಟಿ ತಿನ್ನಿ. ಒಂದು ಲೋಟ ತಾನ್, ಅಂದರೆ ಉಪ್ಪು ಹಾಕಿದ ಮಜ್ಜಿಗೆ, ಸಾಕು.

ಪ್ರಶ್ನೆ: ಅನುಷಾಪುರ್ ಅನ್ನುವ ಗೋಧಿ, ಒಣಹಣ್ಣಿನ ಸಿಹಿ ಮಾಡಲು ಯಾವ ಏಪ್ರಿಕಾಟ್ ತರಬೇಕು? ಸಕ್ಕರೆ ಬದಲು ಬೆಲ್ಲ, ನೀರಿನ ಬದಲು ಹಾಲು ಹಾಕಬಹುದಾ? — ಜಯನಗರದಿಂದ

ಉತ್ತರ: ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ. ಹೊಳೆಯುವ ಕಿತ್ತಳೆ ಬಣ್ಣದ್ದು, ಬೀಜ ತೆಗೆದದ್ದು, ಮೆತ್ತಗಿನದು. ಬಣ್ಣ ಹಾಗೇ ಉಳಿಯಲೆಂದು ಅದಕ್ಕೆ ಗಂಧಕದ ಹೊಗೆ ಕೊಟ್ಟಿರುತ್ತಾರೆ. ಇನ್ನೊಂದು ಕಂದು ಬಣ್ಣದ ಜರ್ದಾಳು, ಬೀಜ ಇರುವಂಥದ್ದು. ಅನುಷಾಪುರ್‌ಗೆ ಹುಳಿ ಬೇಕು. ಹಾಗಾಗಿ ಕಿತ್ತಳೆ ಬಣ್ಣದ್ದೇ ತಂದು ಬಿಸಿನೀರಲ್ಲಿ ಒಮ್ಮೆ ತೊಳೆಯಿರಿ. ಈ ಹಣ್ಣಿನ ಶಾಸ್ತ್ರೀಯ ಹೆಸರೇ ಪ್ರೂನಸ್ ಅರ್ಮೇನಿಯಾಕಾ. ಯೆರೆವಾನ್‌ನ ಗೂಮ್ ಮಾರುಕಟ್ಟೆಯಲ್ಲಿ ಒಣಹಣ್ಣಿನ ಸಾಲಿಗೆ ಹೋದರೆ ಅದನ್ನೇ ಹತ್ತಾರು ತರಹ ಒಣಗಿಸಿ ಜೋಡಿಸಿರುತ್ತಾರೆ.

ಹಾಲು ಬೇಡ. ಹುಳಿ ಹಣ್ಣಿಗೆ ಹಾಲು ಒಡೆಯುತ್ತದೆ, ಅದೂ ಅಲ್ಲದೆ ಇದು ಉಪವಾಸದ ಸಿಹಿ. ಬೆಲ್ಲವೂ ಬೇಡ. ನನಗೆ ಬೆಲ್ಲ ಅಂದರೆ ಪ್ರಾಣ, ಆದರೂ ಇಲ್ಲಿ ಅದು ಹಣ್ಣಿನ ಪರಿಮಳದ ಮೇಲೆ ಕೂತುಬಿಡುತ್ತದೆ. ಏಲಕ್ಕಿಯನ್ನೂ ಡಬ್ಬದಲ್ಲೇ ಬಿಡಿ. ಒಂದು ಕಪ್ ಹುಗ್ಗಿ ಗೋಧಿ (ಉತ್ತರ ಕರ್ನಾಟಕದ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ) ರಾತ್ರಿ ನೆನೆಸಿ. ಎಂಟು ಕಪ್ ನೀರಿನಲ್ಲಿ ಗೋಧಿ ಅರಳಿ ನೀರು ಗಂಜಿಯಾಗುವ ತನಕ, ಸುಮಾರು ಒಂದು ಗಂಟೆ, ಸಣ್ಣ ಉರಿಯಲ್ಲಿ ಬೇಯಿಸಿ. ಹೆಚ್ಚಿದ ಏಪ್ರಿಕಾಟ್ ಮುಕ್ಕಾಲು ಕಪ್, ಒಣದ್ರಾಕ್ಷಿ ಅರ್ಧ ಕಪ್, ಸಕ್ಕರೆ ಅರ್ಧ ಕಪ್ ಹಾಕಿ ಇನ್ನೂ 20 ನಿಮಿಷ. ತೆಳ್ಳಗಿರುವಾಗಲೇ ಇಳಿಸಿ, ಆರಿದರೆ ಬಹಳ ಗಟ್ಟಿಯಾಗುತ್ತದೆ. ಒಂದು ಚಮಚ ಗುಲಾಬಿ ನೀರು. ಮೇಲೆ ಅಕ್ರೋಟು, ಬಾದಾಮಿ, ದಾಳಿಂಬೆ ಕಾಳು, ಚಿಟಿಕೆ ಚಕ್ಕೆ ಪುಡಿ. ಅರ್ಮೇನಿಯಾದವರ ಕ್ರಿಸ್‌ಮಸ್ ಜನವರಿ 6ಕ್ಕೆ. ಹೊಸ ವರ್ಷದಿಂದ ಅಲ್ಲಿಯವರೆಗೆ ಇದರ ಕಾಲ. ತಣ್ಣಗೆ ಬಡಿಸಿ.

ಪ್ರಶ್ನೆ: ಮೊಟ್ಟೆ ಇಲ್ಲದೆ, ಓವನ್ ಇಲ್ಲದೆ ಗಾತಾ ಆಗುತ್ತದಾ? — ಯಲಹಂಕದಿಂದ

ಉತ್ತರ: ಆಗುತ್ತದೆ. ಕಣಕಕ್ಕೆ ಎರಡೂವರೆ ಕಪ್ ಮೈದಾ, 150 ಗ್ರಾಂ ತಣ್ಣನೆಯ ಬೆಣ್ಣೆ, ಮುಕ್ಕಾಲು ಕಪ್ ಗಟ್ಟಿ ಮೊಸರು, ಅರ್ಧ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು. ಜಾಸ್ತಿ ನಾದಬೇಡಿ, ಕೂಡಿಕೊಂಡರೆ ಸಾಕು. ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಹೂರಣಕ್ಕೆ ಖೋರಿಜ್ ಅನ್ನುತ್ತಾರೆ: ಒಂದು ಕಪ್ ಮೈದಾ, ಅರ್ಧ ಕಪ್ ಪುಡಿ ಸಕ್ಕರೆ, ಕರಗಿಸಿದ ಬೆಣ್ಣೆ ಇಲ್ಲವೇ ತುಪ್ಪ ಅರ್ಧ ಕಪ್‌ಗೆ ಸ್ವಲ್ಪ ಕಮ್ಮಿ, ವೆನಿಲಾ. ಬೆರಳ ತುದಿಯಲ್ಲಿ ಉಜ್ಜಿ. ಹಿಡಿದರೆ ಮುದ್ದೆ ನಿಲ್ಲಬೇಕು, ಒತ್ತಿದರೆ ಉದುರಬೇಕು. ಕಣಕದೊಳಗೆ ತುಂಬಿ, ಮುಚ್ಚಿ, ಎರಡು ಬೆರಳು ದಪ್ಪ ಲಟ್ಟಿಸಿ. ಮೇಲೆ ಫೋರ್ಕಿನಿಂದ ಗೆರೆ ಎಳೆದು ಚುಚ್ಚಿ, ಹಬೆ ಹೋಗಲು ದಾರಿ ಬೇಕು. ಮೊಟ್ಟೆಯ ಬದಲು ಹಾಲು-ಕೆನೆ ಸವರಿ. ಓವನ್ ಇದ್ದವರು 180 ಡಿಗ್ರಿಯಲ್ಲಿ 30ರಿಂದ 35 ನಿಮಿಷ ಬೇಯಿಸಿ. ಇಲ್ಲದವರು ದಪ್ಪ ತಳದ ಬಾಣಲೆಯನ್ನು ಮುಚ್ಚಿ ಹತ್ತು ನಿಮಿಷ ಕಾಯಿಸಿ, ಒಳಗೆ ಸ್ಟ್ಯಾಂಡ್ ಇಟ್ಟು, ಅಂಗೈಯಗಲದ ಸಣ್ಣ ಗಾತಾಗಳನ್ನು ತಟ್ಟೆಯಲ್ಲಿ ಜೋಡಿಸಿ ಸಣ್ಣ ಉರಿಯಲ್ಲಿ ಬೇಯಿಸಿ. ತಳ ಹೊಂಬಣ್ಣ ಬರುತ್ತದೆ, ಮೇಲ್ಭಾಗ ಬಿಳಿಚಿಕೊಂಡೇ ಇರುತ್ತದೆ. ಕೊನೆಗೆ ಕಾವಲಿಯ ಮೇಲೆ ಒಂದು ನಿಮಿಷ ಮಗುಚಿ ಹಾಕಿ.

ಗೆಘಾರ್ದ್ ಮಠಕ್ಕೆ ಹೋಗುವ ದಾರಿಯಲ್ಲಿ ಹೆಂಗಸರು ಇದನ್ನು ತಟ್ಟೆಯಗಲ ಮಾಡಿ ಮಾರುತ್ತಾರೆ. ಬಂಡೆಯನ್ನೇ ಕೊರೆದು ಕಟ್ಟಿದ ಮಠ ಅದು. ಹೋದವರು ಎರಡನ್ನೂ ಬಿಡಬೇಡಿ.

ಪ್ರಶ್ನೆ: ಕುಂಬಳಕಾಯಿಯೊಳಗೆ ಅನ್ನ ತುಂಬುವ ಘಾಪಾಮಾಗೆ ಯಾವ ಕುಂಬಳ? — ಕೆಂಗೇರಿಯಿಂದ

ಉತ್ತರ: ಸಿಹಿಗುಂಬಳ, ಒಂದೂವರೆ ಕಿಲೋ ಒಳಗಿನದು, ತಳ ಸಮ ಇರುವುದು. ಟೊಪ್ಪಿ ಕತ್ತರಿಸಿ, ಬೀಜ ತೆಗೆದು, ಒಳಗೆಲ್ಲ ಬೆಣ್ಣೆ, ಜೇನು ಸವರಿ. ಅರ್ಧ ಬೆಂದ ಒಂದು ಕಪ್ ಅಕ್ಕಿಗೆ ಏಪ್ರಿಕಾಟ್, ಒಣದ್ರಾಕ್ಷಿ, ಬಾದಾಮಿ, ಅಕ್ರೋಟು, ಚಕ್ಕೆ ಪುಡಿ ಕಲಸಿ ಮುಕ್ಕಾಲು ಭಾಗ ತುಂಬಿ. ಕಾಲು ಕಪ್ ಬಿಸಿನೀರು ಹಾಕಿ ಟೊಪ್ಪಿ ಮುಚ್ಚಿ. ಓವನ್‌ನಲ್ಲಿ 180 ಡಿಗ್ರಿಗೆ ಒಂದು ಗಂಟೆಯ ಮೇಲೆ ಬೇಕು, ಚಾಕು ಸಲೀಸಾಗಿ ಇಳಿಯಬೇಕು. ದೊಡ್ಡ ಇಡ್ಲಿ ಪಾತ್ರೆಯ ಹಬೆಯಲ್ಲೂ ಬೇಯುತ್ತದೆ. ತುಂಡು ಮಾಡಿ ಕುಂಬಳದ ಸಮೇತ ಬಡಿಸಿ.

ಪ್ರಶ್ನೆ: ಕೋಳಿ ಹಾಕಿದ ಗೋಧಿಯ ಹರೀಸಾ ಹೇಗೆ? ನಾವು ಹಲೀಮ್ ಪ್ರಿಯರು. — ಫ್ರೇಜರ್ ಟೌನಿನಿಂದ

ಉತ್ತರ: ಹಲೀಮಿನ ಮಸಾಲೆಯನ್ನು ಮನಸ್ಸಿನಿಂದ ತೆಗೆದುಬಿಡಿ. ಇಲ್ಲಿ ಗೋಧಿ, ಕೋಳಿ, ಉಪ್ಪು, ಬೆಣ್ಣೆ ಅಷ್ಟೇ. ನೆನೆಸಿದ ಹುಗ್ಗಿ ಗೋಧಿ ಒಂದು ಕಪ್, ಮೂಳೆ ಸಮೇತ ಕೋಳಿ ಅರ್ಧ ಕಿಲೋ, ಆರು ಕಪ್ ನೀರು. ಕುಕ್ಕರಿನಲ್ಲಿ ಒಂದು ಕೂಗು, ಆಮೇಲೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಮೂಳೆಗಳನ್ನೆಲ್ಲ ಹುಡುಕಿ ತೆಗೆಯಿರಿ. ಆಮೇಲೆ ಮರದ ಸೌಟಿನಿಂದ, ಮಾಂಸ ನೂಲುನೂಲಾಗಿ ಗೋಧಿಯಲ್ಲಿ ಕಾಣದಂತಾಗುವ ತನಕ ಕುಟ್ಟಿ ತಿರುವಿ. ಬಡಿಸುವಾಗ ಮೇಲೆ ಬಿಸಿ ಬೆಣ್ಣೆ.

1915ರಲ್ಲಿ ಒಟ್ಟೊಮನ್ ಸೇನೆ ಬಂದಾಗ ಈಗಿನ ಟರ್ಕಿಯಲ್ಲಿರುವ ಮೂಸಾ ದಾಗ್ ಬೆಟ್ಟದ ಅರ್ಮೇನಿಯನ್ ಹಳ್ಳಿಗರು ಬೆಟ್ಟವೇರಿ ವಾರಗಟ್ಟಲೆ ಎದುರಿಸಿ ನಿಂತರು. ಕೊನೆಗೆ ಫ್ರೆಂಚ್ ಹಡಗುಗಳು ಅವರನ್ನು ಪಾರು ಮಾಡಿದವು. ಅವರ ನೆನಪಿಗೆ ಅರ್ಮೇನಿಯಾದ ಮೂಸಾಲೇರ್‌ನಲ್ಲಿ ಪ್ರತಿ ಸೆಪ್ಟೆಂಬರ್ ದೊಡ್ಡ ದೊಡ್ಡ ಹಂಡೆಗಳಲ್ಲಿ ರಾತ್ರಿಯಿಡೀ ಹರೀಸಾ ಬೇಯಿಸಿ ಬಂದವರಿಗೆಲ್ಲ ಹಂಚುತ್ತಾರೆ. ಬೆಳಗಿನ ಜಾವದ ತನಕ ಸರದಿಯ ಮೇಲೆ ತಿರುವುತ್ತಾರೆ. ನೀವು ಸೌಟು ಹಿಡಿದಾಗ ಬೇಗ ಬಿಡಬೇಡಿ.

ಪ್ರಶ್ನೆ: ಅರ್ಮೇನಿಯನ್ನರಿಗೂ ನಮ್ಮ ದೇಶಕ್ಕೂ ಹಳೆಯ ನಂಟು ಇದೆಯಾ? — ಮೈಸೂರು ರಸ್ತೆಯಿಂದ

ಉತ್ತರ: ಇದೆ. ವ್ಯಾಪಾರಕ್ಕೆ ಬಂದು ನೆಲೆಸಿದವರು. ಚೆನ್ನೈಗೆ ಹೋದರೆ ಅರ್ಮೇನಿಯನ್ ಸ್ಟ್ರೀಟಿನಲ್ಲಿ ಅವರ ಚರ್ಚು ನೋಡಿ ಬನ್ನಿ. ಅರ್ಮೇನಿಯನ್ ಭಾಷೆಯ ಮೊಟ್ಟಮೊದಲ ಪತ್ರಿಕೆ 'ಅಜ್ದರಾರ್' ಹೊರಬಂದದ್ದು ಆ ಊರಿನಲ್ಲೇ, 1794ರಲ್ಲಿ. ಬಂಗಾಳಿಗಳ ಪಟೋಲೆರ್ ದೋರ್ಮಾ, ಅಂದರೆ ಹೂರಣ ತುಂಬಿದ ಪಟೋಲ್ ಕಾಯಿ, ಈ ತೊಲ್ಮಾದಿಂದಲೇ ಬಂದದ್ದು ಅಂತ ಕೋಲ್ಕತ್ತಾದಲ್ಲಿ ಹೇಳುತ್ತಾರೆ.

ಪ್ರಶ್ನೆ: ಮಗ ಯೆರೆವಾನ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದಾನೆ. ರಜೆಗೆ ಬಂದಾಗ ಅಲ್ಲಿಯ ಊಟ ಒಂದು ದಿನ ಮಾಡಿ ಅಚ್ಚರಿ ಕೊಡಬೇಕು. ಏನೇನು ಮಾಡಲಿ? ಲವಾಶ್ ಮನೆಯಲ್ಲಿ ಸಾಧ್ಯವಾ? — ನಾಗರಬಾವಿಯಿಂದ

ಉತ್ತರ: ಲವಾಶ್ ಬಿಟ್ಟುಬಿಡಿ. ನೆಲದೊಳಗಿನ ತೋನೀರ್ ಒಲೆಯ ಕೆಂಪು ಗೋಡೆಗೆ ಬಡಿದು, ಅರೆ ನಿಮಿಷದಲ್ಲಿ ಬೇಯಿಸುವ ರೊಟ್ಟಿ ಅದು. 2014ರಲ್ಲಿ ಯುನೆಸ್ಕೊದ ಪರಂಪರೆ ಪಟ್ಟಿಗೂ ಸೇರಿತು. ಬೋರಲು ಹಾಕಿದ ಬಾಣಲೆಯ ಮೇಲೆ ಹತ್ತಿರ ಹತ್ತಿರದ್ದೇನೋ ಬರುತ್ತದೆ, ಆದರೆ ನಿಮ್ಮ ಮಗ ದಿನಾ ನಿಜವಾದದ್ದನ್ನೇ ತಿನ್ನುತ್ತಿರುತ್ತಾನೆ. ಗಾತಾ ಕೂಡ ಅವನಿಗೆ ಬೀದಿ ಬೀದಿಯ ಬೇಕರಿಯಲ್ಲಿ ಸಿಗುತ್ತದೆ. ಹಾಸ್ಟೆಲಿನ ಹುಡುಗರಿಗೆ ಸಿಗದೆ ಇರುವುದು ಮನೆಯ ಒಲೆಯ ಅಡುಗೆ. ಸ್ಪಾಸ್ ಮಾಡಿ, ತೊಲ್ಮಾವನ್ನು ಹಿಂದಿನ ದಿನವೇ ಮಾಡಿಡಿ. ಅನುಷಾಪುರ್ ಕೂಡ ಹಿಂದಿನ ದಿನವೇ ಆಗಲಿ. ಅವತ್ತು ಬಿಸಿಯಾಗಿ ಮಾಡಬೇಕಾದದ್ದು ಸೊಪ್ಪಿನ ರೊಟ್ಟಿ ಮಾತ್ರ. ಅದಕ್ಕೆ ಇಬ್ಬರು ಬೇಕು, ಒಬ್ಬರು ತುಂಬಬೇಕು, ಒಬ್ಬರು ಬೇಯಿಸಬೇಕು. ಕಾವಲಿಯ ಹತ್ತಿರ ಅವನನ್ನೇ ನಿಲ್ಲಿಸಿ.